ಜಗಲಿಯ ಎಕ್ಸ್‌ಪಿ

ಕಂಪ್ಯೂಟರ್ ಕೆಟ್ಟರೆ ರಿಪೇರಿಯವರು ಸಿಗುತ್ತಾರೆ. ಕೆಡದೆ, ಬರೀ ಮಾತು ಬಿಟ್ಟರೆ ಯಾರನ್ನು ಕರೆಯುವುದು?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ವಿಂಡೋಸ್ ಎಕ್ಸ್‌ಪಿಯ ಹಳೆ ಕಂಪ್ಯೂಟರ್ ಇದೆ. ಉಪ್ಪರಿಗೆಯಲ್ಲಿ ಅದಕ್ಕಿಂತ ಹಿರಿಯ, ವಿಂಡೋಸ್ 98. ಅಡಿಕೆ ಲೆಕ್ಕ, ರಾಶಿ ಎಷ್ಟು, ಬೆಟ್ಟೆ ಎಷ್ಟು, ಗೊರಬಲು ಎಷ್ಟು ಎಂಬುದೆಲ್ಲ ಇವುಗಳ ಹೊಟ್ಟೆಯಲ್ಲಿದೆ. ಇವೆರಡೂ ತಮ್ಮೊಳಗೆ ಚೆನ್ನಾಗಿಯೇ ಇದ್ದವು. ನೆಟ್‌ವರ್ಕಿನಲ್ಲಿ ಯಾರ್ಯಾರು ಇದ್ದಾರೆಂಬ ಪಟ್ಟಿ ಇಟ್ಟುಕೊಳ್ಳಲು ಈ ಹಳೆ ಯಂತ್ರಗಳು ಒಳಗೊಳಗೇ ಚುನಾವಣೆ ನಡೆಸುತ್ತವೆ. ಎನ್‌ಟಿ ಎಂಬ ಮೇಲ್ದರ್ಜೆಯ ವಿಂಡೋಸ್ ವಂಶದ ಎಕ್ಸ್‌ಪಿಯ ಎದುರು 98 ಗೆಲ್ಲುವ ಹಾಗೇ ಇಲ್ಲ. ಠೇವಣಿ ಕಳೆದುಕೊಳ್ಳಲೆಂದೇ ನಿಲ್ಲುತ್ತದೆ. ಮಳೆಗಾಲದಲ್ಲಿ ಇನ್ನೊಂದು ತಮಾಷೆ. ಕರೆಂಟ್ ಹೋದರೆ ಯುಪಿಎಸ್ ಇಲ್ಲದ 98 ಹೇಳದೆ ಕೇಳದೆ ಆರಿಹೋಗುತ್ತದೆ, ಎಕ್ಸ್‌ಪಿಯ ಪಟ್ಟಿಯಲ್ಲಿ ಮಾತ್ರ ಹೆಸರು ಉಳಿದಿರುತ್ತದೆ. 12 ನಿಮಿಷಕ್ಕೊಮ್ಮೆ ಕೊಡಬೇಕಾದ ಹಾಜರಿ ಮೂರು ಸಲ ತಪ್ಪಿದ ಮೇಲೇ ಅದನ್ನು ಹೊಡೆದುಹಾಕುವುದು. ಸತ್ತವರ ಹೆಸರು ಮತದಾರರ ಪಟ್ಟಿಯಲ್ಲಿ ಉಳಿಯುವುದು ನಮಗೇನು ಹೊಸತೇ? ಹಾಗಾಗಿ ಪಟ್ಟಿಯನ್ನು ನಂಬಬಾರದು. ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕಿನಲ್ಲಿ ಆ ಯಂತ್ರದ ಮನೆ ನಂಬರನ್ನು, ನೇರ ಟೈಪ್ ಮಾಡಿ ಬಾಗಿಲು ತಟ್ಟುವುದೇ ವಾಸಿ.

ಮಗಳ ವಿಂಡೋಸ್ 10 ಲ್ಯಾಪ್‌ಟಾಪ್ ಬಂದ ಮೇಲೆ ಆ ಉಪಾಯವೂ ನಡೆಯಲಿಲ್ಲ. ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಎಂದು ಕೂಗಿದರೆ, ಎಕ್ಸ್‌ಪಿ ಓಗೊಡುತ್ತದೆ. ಫೋಲ್ಡರ್ ಕೇಳಿದರೆ ಲ್ಯಾಪ್‌ಟಾಪೇ ಮುಖ ತಿರುಗಿಸುತ್ತದೆ. ಯಂತ್ರಗಳು ಫೈಲು ಹಂಚಿಕೊಳ್ಳುವ ಭಾಷೆಗೆ ಎಸ್‌ಎಂಬಿ ಎಂದು ಹೆಸರು, ಎಕ್ಸ್‌ಪಿಗೆ ಬರುವುದು ಅದರ ಮೊದಲನೇ ಆವೃತ್ತಿ ಒಂದೇ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕಂಪ್ಯೂಟರ್ ಪಿಡುಗು ಊರೂರು ಸುತ್ತಿದ್ದು ಆ ಆವೃತ್ತಿಯಲ್ಲಿದ್ದ ತೂತಿನಿಂದಲೇ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರಲ್ಲಿ, ಹೊಸದಾಗಿ ಹಾಕಿಕೊಂಡವರಿಗೆ, ಆ ಮೊದಲನೇ ಆವೃತ್ತಿ ತಾನಾಗಿ ಬರುವುದು ನಿಂತಿತು.

ವಿಂಡೋಸ್ ಫೀಚರ್ಸ್‌ಗೆ ಹೋಗಿ ಒಂದು ಟಿಕ್ ಹಾಕಿದರೆ ಮತ್ತೆ ಬರುತ್ತದೆ. ಭಾವ ಹೇಳಿದ್ದೂ ಅದನ್ನೇ: "ಒಂದು ಟಿಕ್ ಹಾಕಿ ಬಿಡಿ ಮಾರಾಯ್ರೇ, ನಮ್ಮ ಅಡಿಕೆ ಲೆಕ್ಕ ಯಾರು ಕದೀತಾರೆ!" ಕದಿಯುವವನಿಗೆ ಲೆಕ್ಕ ಬೇಡ ನಿಜ. ವಾನಾಕ್ರೈ ಕದಿಯಲಿಲ್ಲ, ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಮಗಳ ಓದಿನ ಲ್ಯಾಪ್‌ಟಾಪಿಗೆ ಆ ಟಿಕ್ ಬೇಡವೆಂದೆ. ಎಕ್ಸ್‌ಪಿಯ ಇಂಟರ್ನೆಟ್ ವೈರನ್ನೂ ಕಿತ್ತೆ. ಇನ್ನು ಪೆನ್‌ಡ್ರೈವೇ ಗತಿ, ಅದೂ ಹೊಸದರಲ್ಲಿ ಒಮ್ಮೆ ಸ್ಕ್ಯಾನ್ ಆದ ಮೇಲೆ.

ಲೆಕ್ಕ ಸುಖವಾಗಿ ಬಂತು. ಸಂಘದ ನಡಾವಳಿಯ ಫೈಲೂ ಬಂತು, ತೆರೆದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರಕ್ಕೆ ಮುಂಚಿನ, 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇಲ್ಲದೆ ಓದಲಾಗದು. ಫಾಂಟ್ ಇರುವುದೂ ಜಗಲಿಯಲ್ಲೇ. ಪೆನ್‌ಡ್ರೈವ್ ಕೈಗಿತ್ತು ಮಗಳು ಹೇಳಿದಳು: "ಅಪ್ಪಯ್ಯ, ಈ ಸಲ ಫಾಂಟ್ಸ್ ಫೋಲ್ಡರನ್ನೇ ಇಡಿಯಾಗಿ ತನ್ನಿ."