ತಿಂಗಳ ಪಟ್ಟಿ ಹಿಡಿದು ಬ್ರೋಕನ್ ಸ್ಪೋಕ್‌ಗೆ

ಅಮೆರಿಕದ ಟೆಕ್ಸಸ್‌ನ ಆಸ್ಟಿನ್‌ಗೆ ಬಂದು ಒಂಬತ್ತು ವರ್ಷ ಆಯ್ತು. ಸೌತ್ ಲಮಾರ್ ರಸ್ತೆಯಲ್ಲಿ ವಾರಕ್ಕೆ ಮೂರು ಸಲವಾದರೂ ಓಡಾಡುತ್ತೇನೆ. ಅಲ್ಲಿ ಎತ್ತರದ ಅಪಾರ್ಟ್‌ಮೆಂಟ್‌ಗಳ ನಡುವೆ ಒಂದು ತಗ್ಗು ಕೆಂಪು ಕಟ್ಟಡ, ಮುಂದೊಂದು ಓಕ್ ಮರ. ಅದೇ ಬ್ರೋಕನ್ ಸ್ಪೋಕ್, ಬ್ಯಾಂಡ್ ನುಡಿಸುವ ಕಂಟ್ರಿ ಸಂಗೀತಕ್ಕೆ ಜನ ಜೋಡಿಯಾಗಿ ಕುಣಿಯುವ ಹಳೆಯ ಡಾನ್ಸ್ ಹಾಲ್. ಇಷ್ಟು ವರ್ಷ ಒಳಗೆ ಕಾಲಿಟ್ಟಿರಲಿಲ್ಲ. ಕೌಬಾಯ್ ಟೋಪಿಯವರ ಜಾಗ ಅದು, ನಮಗಲ್ಲ ಅಂದುಕೊಂಡಿದ್ದೆ. ಕಳೆದ ತಿಂಗಳು ಅವರ ಕಾರ್ಯಕ್ರಮಗಳ ಪಟ್ಟಿಯನ್ನು ಫ್ರಿಜ್ ಮೇಲೆ ಅಂಟಿಸಿ, ನಮ್ಮನೆಯವರ ಜೊತೆ ಏಳು ರಾತ್ರಿ ಹೋಗಿ ಬಂದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

1964ರಲ್ಲಿ ಜೇಮ್ಸ್ ವೈಟ್ ಅನ್ನುವವರು ಇದನ್ನು ಶುರು ಮಾಡಿದರು. ಆಗ ಅವರಿಗೆ 25 ವರ್ಷ, ಸೇನೆಯಿಂದ ಆಗಷ್ಟೇ ಹೊರಬಂದಿದ್ದರು. ಈ ಜಾಗ ಆಗ ಊರಾಚೆ ಇತ್ತು. ಬಾಬ್ ವಿಲ್ಸ್, ಅರ್ನೆಸ್ಟ್ ಟಬ್, ವಿಲ್ಲಿ ನೆಲ್ಸನ್, ಜಾರ್ಜ್ ಸ್ಟ್ರೇಟ್ ಥರದ ಕಂಟ್ರಿ ಸಂಗೀತದ ದೊಡ್ಡ ಹೆಸರುಗಳೆಲ್ಲ ಇಲ್ಲಿ ಕಾರ್ಯಕ್ರಮ ಕೊಟ್ಟಿದ್ದಾರೆ. ವೈಟ್ 2021ರ ಜನವರಿಯಲ್ಲಿ ತೀರಿಕೊಂಡರು. ಅವರ ಕುಟುಂಬದವರು ಬಾಗಿಲು ಮುಚ್ಚಲಿಲ್ಲ.

ಒಳಗೆ ಹೋದರೆ ಮೊದಲು ಊಟದ ಕೋಣೆ. ಅದನ್ನು ದಾಟಿದರೆ ಉದ್ದನೆಯ ಕುಣಿಯುವ ಜಾಗ. ಸೂರು ಎಷ್ಟು ತಗ್ಗು ಅಂದರೆ ವೇದಿಕೆ ಮೇಲೆ ಎತ್ತರದವರು ನಿಂತರೆ ಟೋಪಿ ತಾಗುತ್ತೇನೋ ಅನ್ನಿಸುತ್ತದೆ. ಬ್ಯಾಂಡ್ ಶುರುವಾಗುವ ಮೊದಲು ಹೊಸಬರಿಗೆ ಪಾಠ. ವೈಟ್ ಅವರ ಮಗಳು ಟೆರಿ ಎಷ್ಟೋ ವರ್ಷಗಳಿಂದ ಅಲ್ಲಿ ಟೂ ಸ್ಟೆಪ್ ಅನ್ನುವ ಜೋಡಿ ಕುಣಿತ ಹೇಳಿಕೊಡುತ್ತಿದ್ದಾರೆ. ಬೇಗ, ಬೇಗ, ನಿಧಾನ, ನಿಧಾನ, ಲೆಕ್ಕ ಅಷ್ಟೇ. ಜೋಡಿಗಳೆಲ್ಲ ಒಂದೇ ದಿಕ್ಕಿನಲ್ಲಿ ಸುತ್ತಬೇಕು, ನಮ್ಮ ದೇವಸ್ಥಾನದ ಪ್ರದಕ್ಷಿಣೆಗೆ ಉಲ್ಟಾ. ಜೋರಾಗಿ ಹೋಗುವವರು ಹೊರಗಿನ ಸುತ್ತು, ನಿಧಾನದವರು ಒಳಗಿನ ಸುತ್ತು. ಮೂರನೇ ರಾತ್ರಿ ಹೊತ್ತಿಗೆ ನಮ್ಮಿಬ್ಬರ ಕಾಲೂ ಲೆಕ್ಕ ಹಿಡಿದವು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಪಕ್ಕದಲ್ಲಿ ಹಾದುಹೋಗುವಾಗ ನನ್ನ ಭುಜ ತಟ್ಟಿದರು. ಆ ಖುಷಿಯನ್ನು ಹೇಗೆ ಹೇಳಲಿ!

ಈಗ ನಾನು ಹೇಳಬೇಕಾದ ಮಾತು. ದೊಡ್ಡ ತಾರೆಯರು ಸ್ಟೇಡಿಯಂಗೆ ಬಂದಾಗ ನಾವೆಲ್ಲ ತಿಂಗಳುಗಟ್ಟಲೆ ಮೊದಲೇ ಟಿಕೆಟ್ ತೆಗೆದುಕೊಳ್ಳುತ್ತೇವೆ. ತಪ್ಪಲ್ಲ. ಆದರೆ ಈ ಸಂಗೀತ ಬದುಕುವುದು ಅಲ್ಲಲ್ಲ, ಜನ ಕಡಿಮೆ ಇರುವ ಬುಧವಾರದ ರಾತ್ರಿಯಲ್ಲಿ. ಪಿಟೀಲು ನುಡಿಸುತ್ತಾ ಹಾಡುವ ಆಲ್ವಿನ್ ಕ್ರೋ ಥರದವರು ದಶಕಗಳ ಕಾಲ ಇದೇ ವೇದಿಕೆಗೆ ಮತ್ತೆ ಮತ್ತೆ ಬಂದಿದ್ದಾರೆ. ಹಾಗೆ ಬಂದು ಬಂದೇ ಬ್ಯಾಂಡ್‌ಗೆ ಎದುರಿನ ಜನರ ಕಾಲು ಓದಲು ಬರುತ್ತದೆ. ನಾನು ನೋಡುತ್ತಿದ್ದೆ. ಜನ ದಣಿದರೆ ನಿಧಾನವಾಗಿ ಕುಣಿಯುವ ಒಂದು ವಾಲ್ಟ್ಜ್. ಜಾಗ ಖಾಲಿಯಾದರೆ ಎಲ್ಲರಿಗೂ ಗೊತ್ತಿರುವ ಹಳೆಯ ಹಾಡು. ಯಾರೂ ಸುಮ್ನೆ ಉದ್ದಕ್ಕೆ ನುಡಿಸಿ ತಮ್ಮ ಜಾಣ್ಮೆ ತೋರಿಸುವುದಿಲ್ಲ.

ಆಸ್ಟಿನ್ 1991ರಿಂದ ತನ್ನನ್ನು ಲೈವ್ ಸಂಗೀತದ ವಿಶ್ವ ರಾಜಧಾನಿ ಎಂದು ಕರೆದುಕೊಳ್ಳುತ್ತಿದೆ. ಆ ಹೆಸರನ್ನು ಹೊತ್ತಿರುವುದು ಬಾಡಿಗೆ ಏರಿದರೂ ವಾರವಾರ ಗಿಟಾರ್ ಹೊತ್ತು ಬರುವ ಈ ಜನ. ನಮ್ಮಂಥ ಟೆಕ್ ಕೆಲಸದವರು ಬಂದದ್ದರಿಂದಲೂ ಬಾಡಿಗೆ ಏರಿದೆ. ಹಾಗಾಗಿ ಬಾಗಿಲಲ್ಲಿ ಕೇಳುವ ಹಣ ಕೊಟ್ಟು, ಬ್ಯಾಂಡ್ ಮುಂದಿನ ಡಬ್ಬಕ್ಕೂ ಒಂದಿಷ್ಟು ಹಾಕುವುದು ನಮ್ಮ ಕರ್ತವ್ಯ ಅಂತಲೇ ನನ್ನ ನಂಬಿಕೆ.

ಐದನೇ ರಾತ್ರಿ ಊರಿಂದ ಬಂದಿದ್ದ ಮಾವನವರನ್ನೂ ಕರೆದುಕೊಂಡು ಹೋಗಿದ್ದೆವು. ಮೂಲೆಯಲ್ಲಿ ಕೂತು ಕೇಳುತ್ತಿದ್ದವರು ತಟ್ಟನೆ, "ಇದು ನಮ್ಮ ಹಳೇ ಆರ್ಕೆಸ್ಟ್ರಾದ ಹವಾಯಿಯನ್ ಗಿಟಾರ್ ಅಲ್ವೇನಮ್ಮಾ?" ಅಂದರು. ಹೌದು! ಬ್ಯಾಂಡ್‌ನಲ್ಲಿದ್ದದ್ದು ಸ್ಟೀಲ್ ಗಿಟಾರ್, ತಂತಿಗಳ ಮೇಲೆ ಲೋಹದ ತುಂಡು ಜಾರಿಸಿ ನುಡಿಸುವ ವಾದ್ಯ. ಅದು ಹುಟ್ಟಿದ್ದು ಹವಾಯಿಯಲ್ಲಿ, 19ನೇ ಶತಮಾನದ ಕೊನೆಗೆ. ಒಂದು ಕಡೆ ಅದು ಅಮೆರಿಕದ ಕಂಟ್ರಿ ಹಾಡಿಗೆ ಸೇರಿತು. ಇನ್ನೊಂದು ಕಡೆ ಭಾರತಕ್ಕೆ ಬಂತು. ಹವಾಯಿಯ ಗಿಟಾರ್ ವಾದಕ ಟೌ ಮೋ 1940ರ ದಶಕದಲ್ಲಿ ಕೋಲ್ಕತ್ತದಲ್ಲಿದ್ದು ಕಲಿಸಿದರು. ಆಮೇಲೆ ಬ್ರಿಜ್ ಭೂಷಣ್ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ರಾಗ ನುಡಿಸಿದರು. ನಮ್ಮದಲ್ಲ ಅಂತ ನಾನು ಒಂಬತ್ತು ವರ್ಷ ದೂರ ಇಟ್ಟಿದ್ದ ನಾದವನ್ನು ಮಾವ ಹತ್ತು ನಿಮಿಷದಲ್ಲಿ ಗುರುತು ಹಿಡಿದರು.

"ಕಂಟ್ರಿ ಅಂಡ್ ವೆಸ್ಟರ್ನ್" ಅನ್ನುವ ಹೆಸರನ್ನು ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್ ತನ್ನ ಜನಪ್ರಿಯ ಹಾಡುಗಳ ಪಟ್ಟಿಗೆ ಇಟ್ಟದ್ದು 1949ರಲ್ಲಿ. 1962ರಲ್ಲಿ "ವೆಸ್ಟರ್ನ್" ಬಿಟ್ಟುಬಿಟ್ಟರು. ಆದರೆ ಕಂಟ್ರಿಗೆ ಜಾಸ್ ಬೆರೆತ, ಟೆಕ್ಸಸ್‌ನ ಆ ಕುಣಿಸುವ ವೆಸ್ಟರ್ನ್ ಸ್ವಿಂಗ್ ಈ ತಗ್ಗು ಸೂರಿನ ಕೆಳಗೆ ಇನ್ನೂ ಇದೆ.

ಆಸ್ಟಿನ್‌ನ ಕನ್ನಡದವರೇ, ಊರಿಂದ ಅಪ್ಪ ಅಮ್ಮ ಬಂದರೆ ದೇವಸ್ಥಾನ, ಔಟ್‌ಲೆಟ್ ಮಾಲ್, ಸ್ಯಾನ್ ಆಂಟೋನಿಯೊ ತೋರಿಸುತ್ತೀರಲ್ಲ, ಒಂದು ರಾತ್ರಿ ಇಲ್ಲಿಗೂ ಕರೆದುಕೊಂಡು ಬನ್ನಿ. ಮಾವನವರ ವಾಪಸ್ ವಿಮಾನ ಮುಂದಿನ ತಿಂಗಳು 20ಕ್ಕೆ. ಅಷ್ಟರೊಳಗೆ ಇನ್ನೂ ಎರಡು ಸಲ ಹೋಗೋಣ ಅಂದಿದ್ದಾರೆ. ಜೊತೆಗೆ ಬರುವವರಿದ್ದರೆ ಹೇಳಿ, ನಮ್ಮ ಕಾರಲ್ಲಿ ಎರಡು ಸೀಟು ಖಾಲಿ ಇದೆ.