ಜೌಗಿನ ಮೇಲಿನ ಸೇತುವೆ ದುಂದುವೆಚ್ಚವೇ?

ಅಮೆರಿಕದ ಲೂಯಿಸಿಯಾನಾದಲ್ಲಿ ಅಚಾಫಲಾಯ ಜೌಗು ಪ್ರದೇಶವನ್ನು ದಾಟುವ, 1973ರಲ್ಲಿ ಸಂಚಾರಕ್ಕೆ ತೆರೆದ, ಸುಮಾರು 29 ಕಿಲೋಮೀಟರ್ ಉದ್ದದ ಜೋಡಿ ಹೆದ್ದಾರಿ ಸೇತುವೆಯನ್ನು ಲೇಖನವೊಂದರಲ್ಲಿ ಅದರ ಲೇಖಕರು ದುಂದುವೆಚ್ಚವೆಂದು ಕರೆದು, ಮಣ್ಣಿನ ಏರಿ ಹಾಕಿದ್ದರೆ ಸಾಕಿತ್ತು ಎಂದಿರುವುದನ್ನು ನಾನು ಒಪ್ಪಲಾರೆ. ಹೂಳು ಮತ್ತು ಕೊಳೆತ ಸಸ್ಯ ತುಂಬಿದ ಮೆತ್ತನೆಯ ನೆಲದ ಮೇಲೆ ಏರಿಯ ಭಾರ ಬಿದ್ದರೆ ಅದು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಆದ್ದರಿಂದಲೇ ಆಳಕ್ಕೆ ಇಳಿಸಿದ ಪೈಲ್ ಕಂಬಗಳ ಮೇಲೆ ರಸ್ತೆಯನ್ನು ಹೊರಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಮಿಸಿಸಿಪ್ಪಿ ನದಿಯ ಪ್ರವಾಹ ಮಿತಿಮೀರಿದಾಗ ಮೋರ್ಗಾಂಜಾ ಎಂಬಲ್ಲಿನ ಪ್ರವಾಹ ನಿಯಂತ್ರಣ ಗೇಟುಗಳನ್ನು ತೆರೆದು ಹೆಚ್ಚುವರಿ ನೀರನ್ನು ಹರಿಯಬಿಡುವುದು ಇದೇ ತಗ್ಗಿಗೆ. ಸೇತುವೆ ತೆರೆದ ವರ್ಷವೇ ಹಾಗೆ ಮಾಡಬೇಕಾಯಿತು, 2011ರಲ್ಲಿ ಮತ್ತೊಮ್ಮೆ. ಅಡ್ಡಲಾಗಿ ಏರಿ ನಿಂತಿದ್ದರೆ ಆ ನೀರು ಎಲ್ಲಿಗೆ ಹೋಗಬೇಕಿತ್ತು?

ನಮ್ಮ ದಾವಣಗೆರೆ ಸೀಮೆಯ ಎರೆಭೂಮಿ ಜೌಗಲ್ಲ, ನಿಜ. ಆದರೂ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಆ ಮಣ್ಣಿನ ಮೇಲೆ ಡಾಂಬರು ಅಲೆಯಲೆಯಾಗುವುದನ್ನೂ, ಭದ್ರಾ ನಾಲೆಯ ಗದ್ದೆಗಳ ನಡುವೆ ಎತ್ತರಿಸಿದ ರಸ್ತೆಗೆ ಸಾಕಷ್ಟು ಮೋರಿಗಳಿಲ್ಲದೆ ಒಂದು ಬದಿಯ ಹೊಲ ಜವಳು ಹಿಡಿಯುವುದನ್ನೂ ನಾವು ಕಂಡಿದ್ದೇವೆ. ಅಂದಾಜುಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಆ ಮೋರಿಗಳಿಗೇ.