ಮೊದಲು ನಿನ್ನ ಮೆಷಿನ್ ಯಾವುದು ಹೇಳಪ್ಪ

"ಅಣ್ಣಾ, ಏರೋಸ್‌ನಲ್ಲಿ ಯಾವ ಡಿಸ್ಟ್ರೋ ಚೆನ್ನಾಗಿದೆ?" ನಮ್ಮ ಬೀದಿಯ ಡಿಪ್ಲೊಮಾ ಹುಡುಗ ಕೇಳಿದ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಕೂತಿದ್ದೆವು. "ನಿನ್ನ ಹತ್ರ ಇರೋ ಮೆಷಿನ್ ಯಾವುದು?" ಅಂದೆ. ಅವನಿಗೆ ಅದರ ಬಣ್ಣ ಗೊತ್ತಿತ್ತು, ಅಷ್ಟೇ.

ಏರೋಸ್ ಅನ್ನೋ ಆಪರೇಟಿಂಗ್ ಸಿಸ್ಟಂ (ಓಎಸ್) ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಅಮಿಗಾ ಕಂಪ್ಯೂಟರ್ ಮಾಡುತ್ತಿದ್ದ ಕಮೊಡೋರ್ 1994ರಲ್ಲಿ ದಿವಾಳಿಯಾಯಿತು. ಮರುವರ್ಷವೇ ಅಭಿಮಾನಿಗಳು ಅಮಿಗಾ ಓಎಸ್ 3.1ರ ಹಾಗೇ ನಡೆಯುವ ಇನ್ನೊಂದನ್ನು ಬರೆಯಲು ಕೂತರು. ಅದೇ ಇದು. ಐಕರೋಸ್, ಏರೋಸ್ ಒನ್, ಆಸ್ಪೈರ್ ಓಎಸ್ ಎಲ್ಲ ಅದರ ಡಿಸ್ಟ್ರೋಗಳು, ಅಂದರೆ ಅದೇ ಓಎಸ್‌ಗೆ ಬೇರೆ ಬೇರೆ ಪ್ರೋಗ್ರಾಂ ಸೇರಿಸಿ ಕಟ್ಟಿಕೊಟ್ಟ ರೂಪಗಳು. ಹಿಟ್ಟು ಒಂದೇ, ತಟ್ಟೆ ಬೇರೆ.

ಹುಡುಗ ಸ್ಕ್ರೀನ್‌ಶಾಟ್ ನೋಡಿ ಮರುಳಾಗಿದ್ದ. ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ. ಅವನಪ್ಪನ ಹಳೇ ನೆಟ್‌ಬುಕ್‌ಗೆ 64 ಬಿಟ್ ಪ್ರೊಸೆಸರ್‌ಗೆ ಮಾಡಿದ ಏರೋಸ್ ಹಾಕಿದ್ದ. ಪರದೆ ಕಪ್ಪಗೇ ಕೂತಿತ್ತು. ಮನೆಗೆ ತರಿಸಿ, ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಒಳಗಿನ ಪ್ರೊಸೆಸರ್, ಚಿಪ್ ಯಾವುದು ಅಂತ ಹೇಳುವ ಎಲ್‌ಎಸ್‌ಸಿಪಿಯು, ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟು ನೋಡಿದೆವು. ಪ್ರೊಸೆಸರ್ ಇಂಟೆಲ್ ಆಟಮ್ ಎನ್270, ಅದು ಶುದ್ಧ 32 ಬಿಟ್. ಗ್ರಾಫಿಕ್ಸ್ ಇಂಟೆಲ್ ಜಿಎಂಎ 950. ಸದ್ಯ, ಅದಕ್ಕೆ ಏರೋಸ್‌ನಲ್ಲಿ ಡ್ರೈವರ್ (ಆ ಚಿಪ್ಪನ್ನು ನಡೆಸುವ ಪ್ರೋಗ್ರಾಂ) ಇದೆ. ಇಲ್ಲದಿದ್ದರೆ ಎಲ್ಲ ಗ್ರಾಫಿಕ್ಸ್‌ಗೂ ಹೇಗೋ ಹೊಂದುವ ವೆಸಾ ಮೋಡೇ ಗತಿ. ಆ ಮೋಡ್‌ನಲ್ಲಿ ನೆಟ್‌ಬುಕ್ ಪರದೆಯ 1024x600 ಅಳತೆ ಸಿಗದೆ, 800x600 ಚಿತ್ರವನ್ನೇ ಅಡ್ಡಕ್ಕೆ ಎಳೆದು, ಐಕಾನ್‌ಗಳೆಲ್ಲ ದಪ್ಪ ಹೊಟ್ಟೆಯವರ ಹಾಗೆ ಕಾಣುತ್ತಿದ್ದವು.

ಕೈ ಕೊಟ್ಟಿದ್ದು ವೈಫೈ. ಏರೋಸ್‌ಗೆ ಗೊತ್ತಿರುವ ವೈಫೈ ಚಿಪ್‌ಗಳು ಬೆರಳೆಣಿಕೆಯಷ್ಟು, ಮುಖ್ಯವಾಗಿ ಆಥೆರೋಸ್ ಕಂಪನಿಯ ಹಳೇ ಚಿಪ್‌ಗಳು. ಇದರಲ್ಲಿದ್ದದ್ದು ಬೇರೆ. ಆಸ್ಪೈರ್ ಓಎಸ್ ಸುಮ್ನೆ ಆ ಹೆಸರಿಟ್ಟುಕೊಂಡಿಲ್ಲ. ಏಸರ್ ಆಸ್ಪೈರ್ ಒನ್ ಅನ್ನೋ ನೆಟ್‌ಬುಕ್ಕನ್ನೇ ಎದುರಿಗಿಟ್ಟುಕೊಂಡು ಮಾಡಿದ್ದು ಅದು. ನಿಮ್ಮ ಹತ್ರ ಆ ನೆಟ್‌ಬುಕ್ಕೇ ಇದ್ದರೆ ಯೋಚನೆ ಕಡಿಮೆ. ಬೇರೆ ಮೆಷಿನ್ ಆದರೆ ಚಿಪ್ ನೋಡದೆ ಡಿಸ್ಟ್ರೋ ಬಗ್ಗೆ ಗಂಟೆಗಟ್ಟಲೆ ವಾದ ಮಾಡೋದು ದಂಡ ಅಂತಲೇ ನನ್ನ ಅಭಿಪ್ರಾಯ. ಡಿಸ್ಟ್ರೋ ಬದಲಾಯಿಸಿದರೆ ಇಲ್ಲದ ಡ್ರೈವರ್ ಹುಟ್ಟೋದಿಲ್ಲ ಅಲ್ವಾ?

ನಾವು ಡಿಸ್ಟ್ರೋ ಬಿಟ್ಟು ಕಾರ್ಡನ್ನೇ ಬದಲಾಯಿಸಿದೆವು. ಅಶೋಕ ರಸ್ತೆ ಕಡೆಯ ರಿಪೇರಿ ಅಂಗಡಿಯಲ್ಲಿ ಕೆಟ್ಟ ಲ್ಯಾಪ್‌ಟಾಪ್‌ಗಳ ರಾಶಿ ಇತ್ತು. ಅದರಲ್ಲಿ ಒಂದು ಆಥೆರೋಸ್ ಕಾರ್ಡ್ ಸಿಕ್ಕಿತು, ಬೆರಳಷ್ಟುದ್ದ. ಎರಡು ಸ್ಕ್ರೂ, ಎರಡು ಆಂಟೆನಾ ವೈರು, ಒಂದು ಕಪ್ಪು, ಒಂದು ಬಿಳಿ. ಬಿಳಿ ವೈರಿನ ತುದಿ ಕೂರಿಸುವಾಗ ಹುಡುಗ ಉಸಿರು ಬಿಗಿಹಿಡಿದಿದ್ದ. ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ (ಮೆಷಿನನ್ನು ಮೊದಲು ಎಬ್ಬಿಸುವ ಒಳಗಿನ ಪ್ರೋಗ್ರಾಂ) ಹೊರಗಿನ ಕಾರ್ಡ್ ಒಪ್ಪೋದಿಲ್ಲ. ಇದು ಒಪ್ಪಿತು.

ಆಮೇಲೆ 32 ಬಿಟ್ ಐಕರೋಸ್ ಹಾಕಿದೆವು. 1 ಜಿಬಿ ರ್‍ಯಾಮ್ ಅದಕ್ಕೆ ಧಾರಾಳ. ಹಾಗಂತ ಆಫೀಸ್ ಕೆಲಸ, ಬ್ಯಾಂಕ್ ವ್ಯವಹಾರ ಎಲ್ಲ ಇದರಲ್ಲಿ ಬೇಡ. ಮೆಮೊರಿ ರಕ್ಷಣೆ ಅನ್ನೋದು ಇಲ್ಲ. ಒಂದು ಪ್ರೋಗ್ರಾಂ ಕೆಟ್ಟರೆ ಇಡೀ ಮೆಷಿನನ್ನೇ ಎಳೆದುಕೊಂಡು ಬೀಳಬಹುದು. ಹುಡುಗನಿಗೆ ಅದರ ಚಿಂತೆ ಇಲ್ಲ. ದಿನಕ್ಕೆ ನಾಲ್ಕು ಸಲ ರೀಬೂಟ್ ಮಾಡಿ ಖುಷಿಯಾಗಿದ್ದಾನೆ.

ನಿನ್ನೆ ರಾತ್ರಿ ಮೆಸೇಜ್ ಬಂತು: "ಅಣ್ಣಾ, ಸೌಂಡ್ ಬರ್ತಿಲ್ಲ." ಭಾನುವಾರ ಬಾ ಅಂದಿದ್ದೀನಿ.